ತಿಳಿ ಗುಲಾಬಿ

ಹೈಸ್ಕೂಲಿನ ದೊಡ್ಡ ಮಕ್ಕಳಿಗೆ ಉನ್ನತ ಮಟ್ಟದ ರಸಾಯನಶಾಸ್ತ್ರ ಕಲಿಸಬೇಕೆಂದರೆ ಈಗ ರಜೆಯಲ್ಲಿ ಒಂದು ವಾರದ ತರಬೇತಿ ಮುಗಿಸಿ ಬರಬೇಕು. ನಮ್ಮ ಶಾಲೆಗೆ ಸಿಕ್ಕಿದ್ದು ಅಂಥ ಒಂದೇ ತರಗತಿ. ಅದರ ಮೇಲೆ ಕಣ್ಣಿಟ್ಟವರು ಇಬ್ಬರು: ನಾನು, ಮತ್ತು ನನ್ನ ಅಕ್ಕನ ಗಂಡ. "ಇಬ್ರೂ ಹೋಗಿ ಬನ್ನಿ. ಯಾರಿಗೆ ಹೆಚ್ಚು ಅಂಕ ಬರುತ್ತೋ ಅವರಿಗೆ ಕ್ಲಾಸು," ಎಂದು ಹೆಡ್‌ಮಾಸ್ಟರು ಕೈ ತೊಳೆದುಕೊಂಡರು. ಒಂದೇ ಮನೆಯವರ ನಡುವೆ ಬೆಂಕಿ ಹಚ್ಚಿದೆನೆಂಬ ಅರಿವು ಆ ಪುಣ್ಯಾತ್ಮನಿಗೆ ಇರಲಿಲ್ಲ.

ನನಗೆ ಆ ತರಗತಿ ಬೇಕೇ ಬೇಕಿತ್ತು. ಉಪ್ಪು ನೀರಿನಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ ಎಂದು ವರ್ಷಗಟ್ಟಲೆ ಚಿಕ್ಕ ಮಕ್ಕಳಿಗೆ ಹೇಳಿ ಹೇಳಿ ನನ್ನ ತಲೆಯೊಳಗೇ ಮರಳು ತುಂಬಿಕೊಂಡಿತ್ತು. ಭಾವ ಮೊದಲಿನಿಂದಲೂ ದೊಡ್ಡ ತರಗತಿಗಳನ್ನೇ ನೋಡಿಕೊಂಡವರು.

"ಈ ಸಲ ನಾನು ಬಿಟ್ಕೊಡಲ್ಲ ಭಾವ," ಎಂದು ಬಸ್ಸಿನಲ್ಲೇ ಹೇಳಿಬಿಟ್ಟೆ.

"ಬಿಟ್ಕೊಡು ಅಂತ ಯಾರಮ್ಮಾ ಕೇಳಿದ್ರು?" ಎಂದು ಅವರು ನಕ್ಕರು. ಒಂದು ಕಾಲಿಗೆ ಹಸಿರು ಕಾಲುಚೀಲ, ಇನ್ನೊಂದಕ್ಕೆ ಕಂದು. ಬಟ್ಟೆ ತೆಗೆದುಕೊಡಲು ಅಕ್ಕ ಇಲ್ಲದಿದ್ದರೆ ಅವರ ಅವತಾರವೇ ಹೀಗೆ. ದಾರಿಯುದ್ದಕ್ಕೂ ಆಡಿಕೊಂಡೆ.

ತರಬೇತಿ ಕೊಡುವಾಕೆ ದನಿಯೇರಿಸದೆ ಎಲ್ಲರನ್ನೂ ಹದ್ದುಬಸ್ತಿನಲ್ಲಿಡುವ ಹೆಂಗಸು. ನಾವು ಅವರಿಗೆ ದೊಡ್ಡ ಮೇಡಂ ಎಂದು ಹೆಸರಿಟ್ಟೆವು. ಮೇಷ್ಟ್ರುಗಳನ್ನು ಬೆಂಚಿನ ಮೇಲೆ ಕೂರಿಸಿದರೆ ಮಕ್ಕಳಿಗಿಂತ ಕಡೆ: ಪಿಸುಪಿಸು ಮಾತು, ಹಿಂದಿನ ಬೆಂಚಿಗೆ ಜಗಳ, ಬೇಗ ಬಿಡಿ ಎಂಬ ರಾಗ. ಒಬ್ಬೊಬ್ಬರಾಗಿ ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳು.

ಭಾವನ ಪಾಲಿಗೆ ಬಂದದ್ದು ಟೈಟ್ರೇಷನ್. ಫ್ಲಾಸ್ಕಿನಲ್ಲಿ ಬಣ್ಣ ತೋರಿಸುವ ಸೂಚಕ ಬೆರೆಸಿದ ಆಮ್ಲ, ಮೇಲಿನ ಬ್ಯೂರೆಟ್ಟೆಂಬ ತಿರುಪಿನ ಗಾಜಿನ ಕೊಳವೆಯಿಂದ ಅದಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುವುದು. ಬಣ್ಣವಿಲ್ಲದ ದ್ರಾವಣ ತಿಳಿ ಗುಲಾಬಿಗೆ ತಿರುಗಿದ ಹನಿಗೇ ನಿಲ್ಲಿಸಬೇಕು, ತಪ್ಪಿದರೆ ಲೆಕ್ಕವೆಲ್ಲ ಎಕ್ಕುಟ್ಟಿತು. ಭಾವ ಒಂದೊಂದು ಹನಿಗೂ ತಲೆಯೆತ್ತಿ ನಮ್ಮನ್ನು ಕೇಳಿದರು. "ಬಂತಾ? ಇನ್ನೂ ಇಲ್ವಾ? ಈಗ?" ಕೊನೆಗೆ ನಾವೆಲ್ಲ "ಬಂತು!" ಎಂದು ಕಿರುಚಿದೆವು.

"ನೋಡಿ, ಪಾಠ ಅಂದ್ರೆ ಹೀಗಿರ್ಬೇಕು," ಎಂದರು ದೊಡ್ಡ ಮೇಡಂ. "ತಾವು ನೋಡಿ ಹೇಳಲ್ಲ, ಮಕ್ಕಳ ಕೈಲಿ ನೋಡಿಸ್ತಾರೆ."

ನನಗೆ ಹೊಟ್ಟೆ ಉರಿಯಿತು. ಆ ಉಪಾಯ ನನಗೆ ಹೊಸದಲ್ಲ. ಭಾವ ನಮ್ಮ ಮನೆಯ ಅಳಿಯನಾಗಿ ಬಂದಾಗ ನಾನಿನ್ನೂ ಎರಡು ಜಡೆಯ ಹುಡುಗಿ. ಅಡುಗೆಮನೆಯಲ್ಲಿ ಕೆಂಪು ಎಲೆಕೋಸು ಬೇಯಿಸಿದ ನೀರಿಗೆ ನಿಂಬೆರಸ ಹಿಂಡುತ್ತ "ಬಣ್ಣ ಬಂತಾ?" ಎಂದು ನನ್ನನ್ನೇ ಕೇಳುತ್ತಿದ್ದರು. "ನೀವೇ ನೋಡಿ ಭಾವ," ಎಂದರೆ, "ನೀನು ಹೇಳಿದ್ರೆ ಸಾಕು," ಎನ್ನುತ್ತಿದ್ದರು. ಇಷ್ಟು ದೊಡ್ಡವರು ನನ್ನ ಮಾತನ್ನು ನಂಬುತ್ತಾರಲ್ಲ ಎಂದು ನಾನು ಉಬ್ಬಿಹೋಗುತ್ತಿದ್ದೆ. ರಸಾಯನಶಾಸ್ತ್ರದ ಹುಚ್ಚು ಹಿಡಿದದ್ದೇ ಅಲ್ಲಿಂದ.

ಕೊನೆಯ ದಿನ ಪ್ರಾಯೋಗಿಕ ಪರೀಕ್ಷೆ. ಅದೇ ಟೈಟ್ರೇಷನ್, ಆದರೆ ಒಬ್ಬೊಬ್ಬರೇ. "ಬಾಯಿ ಬಿಟ್ಟವರ ಫಲಿತಾಂಶ ರದ್ದು," ಎಂದರು ದೊಡ್ಡ ಮೇಡಂ. ಪಕ್ಕದವನ ತಪ್ಪು ಕಂಡರೆ ಸುಮ್ಮನಿರಲಾರದ ಜಾತಿ ನಮ್ಮದೆಂದು ಅವರಿಗೆ ಗೊತ್ತಿತ್ತು.

ನನ್ನದು ಸಲೀಸಾಗಿ ಮುಗಿಯಿತು. ತಿಳಿ ಗುಲಾಬಿ ಹಾಗೇ ನಿಂತಿತು. ಅಬ್ಬಾ ಎಂದು ಉಸಿರುಬಿಟ್ಟು ಪಕ್ಕಕ್ಕೆ ನೋಡಿದರೆ, ಭಾವನ ಫ್ಲಾಸ್ಕೂ ಬಿಳಿ ಹೆಂಚಿನ ಮೇಲೆ ತಿಳಿ ಗುಲಾಬಿಯಾಗಿ ಕೂತಿದೆ. ಅವರು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಕೆಳಗಿಟ್ಟರು, ಮತ್ತೆ ಎತ್ತಿದರು. ಮುಗೀತಲ್ಲ, ಇನ್ನೇನು ನೋಡುತ್ತಿದ್ದಾರೆ ಈ ಮಹಾರಾಯರು? ಆಮೇಲೆ ಅವರು ತಲೆಯೆತ್ತಿ ಎದುರಿಗೆ ನೋಡಿದರು. ಅಲ್ಲಿ ಮಕ್ಕಳಿರಲಿಲ್ಲ, ಬರೀ ಗೋಡೆ. ಸದ್ದಿಲ್ಲದೆ ತುಟಿ ಮಾತ್ರ ಅಲ್ಲಾಡಿತು: ಬಂತಾ?

ಕಾಲುಚೀಲ, ಎಲೆಕೋಸಿನ ನೀರು, ಮೂವತ್ತು ವರ್ಷಗಳಿಂದ ಅವರ ಕ್ಲಾಸಿನಲ್ಲಿ ಮಕ್ಕಳ ಕಿರುಚಾಟ, ಎಲ್ಲ ಒಟ್ಟಿಗೆ ಅರ್ಥವಾಯಿತು. ಅವರಿಗೆ ಆ ಬಣ್ಣ ಕಾಣುತ್ತಲೇ ಇಲ್ಲ. ನಾನು ತೆಪ್ಪಗಿದ್ದರೆ ಸಾಕು, ತರಗತಿ ನನ್ನದು. ಅವರ ಕೈ ಬ್ಯೂರೆಟ್ಟಿನ ತಿರುಪಿಗೆ ಹೋಯಿತು.

"ಬಂತು ಭಾವ! ನಿಲ್ಸಿ!"

ಇಡೀ ಲ್ಯಾಬು ನನ್ನತ್ತ ತಿರುಗಿತು.

"ಇಬ್ರದ್ದೂ ರದ್ದು," ಎಂದರು ದೊಡ್ಡ ಮೇಡಂ.

ಭಾವ ಎದ್ದು ನಿಂತರು. "ಅವಳು ಕೂಗಿದ್ದು ನನಗೋಸ್ಕರ. ನಂಗೆ ಆ ಗುಲಾಬಿ ಕಾಣಲ್ಲ ಮೇಡಂ. ಹುಟ್ಟಿದಾಗಿಂದ್ಲೂ ಹೀಗೇ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನಾನು ಓದೋವಾಗ ಹೇಳಿದ್ರೆ ಲ್ಯಾಬಿನೊಳಗೇ ಬಿಡ್ತಿರ್ಲಿಲ್ಲ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ದೊಡ್ಡ ಮೇಡಂ ಬೀರುವಿನಿಂದ ಆಮ್ಲದ ಮಟ್ಟವನ್ನು ಅಳೆಯುವ ಒಂದು ಪಿಎಚ್ ಮೀಟರ್ ತಂದು ಅವರ ಮುಂದಿಟ್ಟರು. "ಮಾತಾಡಿದ್ದು ನೀವಲ್ಲ, ಅವರು. ಮತ್ತೆ ಮಾಡಿ. ಇದಕ್ಕೆ ಬಣ್ಣ ಬೇಕಿಲ್ಲ, ಅಂಕಿ ನೋಡಿದ್ರಾಯ್ತು." ಭಾವ ಮೊದಲಿನಿಂದ ಶುರುಮಾಡಿ, ಒಂದೊಂದು ಅಂಕಿಯನ್ನೂ ಗುರುತಿಸಿ ಗ್ರಾಫ್ ಎಳೆದರು. ಉತ್ತರ ಕರಾರುವಾಕ್ಕಾಗಿತ್ತು. ಎಲ್ಲರಿಗಿಂತ ಹೆಚ್ಚು ಅಂಕ ಅವರಿಗೇ.

"ನಂದು?" ಎಂದು ಕೇಳಿದೆ.

"ನಿಮ್ಮ ಕಣ್ಣು ಚೆನ್ನಾಗೇ ಇದೆ, ಬಾಯಿದೇ ತೊಂದರೆ. ಮುಂದಿನ ವರ್ಷ ಬನ್ನಿ," ಎಂದರು ದೊಡ್ಡ ಮೇಡಂ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ಮುಖ ಮಾಡಿ ಕೂತೆ. ತರಗತಿ ಕೈತಪ್ಪಿತೆಂದು ಅಳು ಬರುತ್ತಿತ್ತು. ಯಾಕಾದರೂ ಕೂಗಿದೆನೋ ಎಂದು ಮಾತ್ರ ಅನ್ನಿಸಲೇ ಇಲ್ಲ, ಅದಕ್ಕೆ ಇನ್ನಷ್ಟು ರೇಗಿತು.

"ಚಿಕ್ಕವಳಿದ್ದಾಗ ನಂಗೆ ಪಾಠ ಹೇಳ್ಕೊಡ್ತಿದ್ದೀರಿ ಅಂದ್ಕೊಂಡಿದ್ದೆ," ಎಂದೆ. "ನಿಜವಾಗ್ಲೂ ಕೇಳ್ತಿದ್ರಾ?"

"ನಿಜವಾಗ್ಲೂ ಕೇಳ್ತಿದ್ದೆ ಕಣಮ್ಮಾ."

ನಾನು ಮತ್ತೆ ಕಿಟಕಿಯತ್ತ ಮುಖ ತಿರುಗಿಸಿದೆ.

"ಸಿಟ್ಟಾ?" ಎಂದರು.

"ನೆತ್ತಿಗೇರಿದೆ."

"ಮುಖ ಕೆಂಪಾಗಿದ್ಯಾ?"

"ಆಗಿದೆ. ಬೇಕಾದ್ರೆ ನೀವೇ ನೋಡಿ," ಎಂದು ತಿರುಗಿದೆ.

ಭಾವ ನನ್ನ ಮುಖವನ್ನೇ ನೋಡಿದರು.

"ನೀನು ಹೇಳಿದ್ರೆ ಸಾಕು," ಎಂದರು.