ಪೂಜೆಗೆ ಕೂರದ ಮೌಸ್

ನಾನು ಒಂದು ಮೌಸ್. ಹೊಟ್ಟೆಯಲ್ಲಿ ಕೆಂಪು ದೀಪ, ಬೆನ್ನ ಮೇಲೆ ಎರಡು ಗುಂಡಿ, ನಡುವೆ ರಬ್ಬರಿನ ಒಂದು ಚಕ್ರ, ಹಿಂದೆ ಉದ್ದನೆಯ ಬಾಲ. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಊರಿನ ಹೆಸರು ನನಗೆ ಯಾರೂ ಹೇಳಲಿಲ್ಲ. ಕಣ್ಣು ಬಿಟ್ಟಾಗ ನನ್ನಂಥವರೇ ಸಾಲಾಗಿ ಮಲಗಿದ್ದರು. ಒಬ್ಬ ಹೆಣ್ಣುಮಗಳು ನನ್ನ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ, ತಲೆಯಾಡಿಸಿ ಡಬ್ಬಿಗೆ ಹಾಕಿದಳು. ನನ್ನ ನಾಮಕರಣ, ತೊಟ್ಟಿಲು ಎಲ್ಲ ಅಷ್ಟರಲ್ಲೇ ಮುಗಿಯಿತು.

ಮೊದಲು ಸೇರಿದ್ದು ಗದಗಿನ ಒಂದು ಝೆರಾಕ್ಸ್ ಅಂಗಡಿ. ಅಲ್ಲಿ ಬಂದವರೆಲ್ಲ ನನ್ನನ್ನು ಹಿಡಿಯುವವರೇ. ಮಿರ್ಚಿ ತಿಂದ ಕೈ, ಎಲೆಗೆ ಸುಣ್ಣ ಹಚ್ಚಿದ ಬೆರಳು, ಯಾವುದಕ್ಕೂ ನಾನು ಬೇಡವೆನ್ನುವಂತಿರಲಿಲ್ಲ. ಅಂಗಡಿ ಮುಚ್ಚಿದಾಗ ಮಾಲೀಕರು ನನ್ನನ್ನು ತಮ್ಮ ಗೆಳೆಯ ಫಕ್ಕೀರಪ್ಪನ ಕೈಗಿತ್ತರು. ನನ್ನ ಅದೃಷ್ಟ ತೆರೆದದ್ದು ಅವತ್ತು.

ಫಕ್ಕೀರಪ್ಪ ಮನೆಯ ಮುಂದಿನ ಕೋಣೆಯಲ್ಲೇ ಧ್ವನಿಮುದ್ರಣದ ಸ್ಟುಡಿಯೊ ಇಟ್ಟಿದ್ದ. ಭಜನೆ, ಲಾವಣಿ, ಬಟ್ಟೆ ಅಂಗಡಿಯ ಜಾಹೀರಾತು, ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಅವನ ಲ್ಯಾಪ್‌ಟಾಪಿನ ಪರದೆಯ ಮೇಲೆ ಧ್ವನಿ ಎನ್ನುವುದು ಗುಡ್ಡ ಕೊಳ್ಳಗಳ ಗೆರೆಯಾಗಿ ಎಡದಿಂದ ಬಲಕ್ಕೆ ಹರಡಿಕೊಳ್ಳುತ್ತಿತ್ತು. ಅದನ್ನು ಟೈಮ್‌ಲೈನ್ ಎನ್ನುತ್ತಿದ್ದರು. ನನ್ನ ಚಕ್ರ ತಿರುಗಿಸಿದರೆ ಗೆರೆ ಹಿಂದಕ್ಕೆ ಮುಂದಕ್ಕೆ ಸರಿಯುತ್ತದೆ. ಕೀಬೋರ್ಡಿನ ಮೂಲೆಯ ಕಂಟ್ರೋಲ್ ಕೀಯನ್ನು ಒತ್ತಿ ಹಿಡಿದು ತಿರುಗಿಸಿದರೆ ಗೆರೆ ಹಿಗ್ಗುತ್ತದೆ, ಕುಗ್ಗುತ್ತದೆ, ಅದು ಝೂಮ್. ಕೆಮ್ಮನ್ನು ಹುಡುಕಿ ಕತ್ತರಿಸುವುದು, ತಪ್ಪಿದ ತಾಳವನ್ನು ಕೂಡಿಸುವುದು, ಎಲ್ಲವೂ ನನ್ನ ಬೆನ್ನ ಮೇಲೆಯೇ. ನನಗೆ ಸ್ವಲ್ಪ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ನವರಾತ್ರಿಗೆ ಊರಲ್ಲಿ ಒಂದು ನಾಟಕ ಕಂಪನಿ ಬೀಡು ಬಿಟ್ಟಿತ್ತು. ಅದರ ದೊಡ್ಡ ನಟಿ ವಿಮಲಕ್ಕ. ಅವರ ನಾಟಕದಲ್ಲಿ ಅವಳು ಬಾವಿಕಟ್ಟೆಯ ಹಾಡು ಹಾಡಿದರೆ ಎತ್ತಿನ ಗಾಡಿಯವರೂ ಗಾಡಿ ನಿಲ್ಲಿಸುತ್ತಿದ್ದರಂತೆ. ಆದರೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವಳ ಧ್ವನಿ ಹೋಗಿ, ಬರೀ ಗಾಳಿ ಉಳಿದಿತ್ತು. ಹಿಂದೊಮ್ಮೆ ಫಕ್ಕೀರಪ್ಪ ಅದೇ ನಾಟಕವನ್ನು ಪೂರ್ತಿ ಮುದ್ರಿಸಿಕೊಂಡಿದ್ದ. ಅದರಿಂದ ಅವಳ ಮಾತು, ಹಾಡು ಆರಿಸಿ ಕೊಟ್ಟರೆ ಅವಳು ರಂಗದ ಮೇಲೆ ತುಟಿ ಆಡಿಸಬಹುದು. ಮಹಾನವಮಿಯ ಸಂಜೆಯ ಆಟಕ್ಕೆ ಅದು ತಯಾರಿರದಿದ್ದರೆ ಪಾತ್ರ ಬೇರೆಯವರಿಗೆ, ಆಮೇಲೆ ಮರಳಿ ಕೇಳುವ ಹಾಗಿಲ್ಲ ಎಂದು ಕಂಪನಿಯ ಮ್ಯಾನೇಜರರು ಖಡಾಖಂಡಿತ ಹೇಳಿಬಿಟ್ಟಿದ್ದರು.

ನಾಟಕದ ಮಾತುಗಳನ್ನೆಲ್ಲ ಹಿಂದಿನ ದಿನವೇ ಆರಿಸಿ ಇಟ್ಟಾಗಿತ್ತು. ಉಳಿದದ್ದು ಹಾಡು. ಆದರೆ ಮಹಾನವಮಿ ಎಂದರೆ ನಮ್ಮ ಕಡೆ ಖಂಡೇಪೂಜೆ. ದುಡಿಯುವ ಸಾಮಾನುಗಳೆಲ್ಲ ದೇವರ ಮುಂದೆ ಕೂರುವ ದಿನ. ಫಕ್ಕೀರಪ್ಪನ ಹೆಂಡತಿ ದೇವಕ್ಕ ಬೆಳಿಗ್ಗೆಯೇ ಸ್ಟುಡಿಯೊದ ಮೂಲೆ ಸಾರಿಸಿ ಮಣೆ ಹಾಕಿದಳು.

"ಕಂಪ್ಯೂಟರ್ ಕೊಡಂಗಿಲ್ಲಂದ್ರ ಅದರ ಬದ್ಲಿ ಈ ಕೀಬೋರ್ಡರ ಇಡ್ರಿ," ಎಂದಳು. ಅದು ಬಾಲವಿಲ್ಲದ, ಗಾಳಿಯಲ್ಲೇ ಸುದ್ದಿ ಕಳಿಸುವ ಕೀಬೋರ್ಡು.

"ಇಡು. ಲ್ಯಾಪ್‌ಟಾಪಿನ್ಯಾಗ ಕೀ ಅದಾವ. ಆದ್ರ ಇಲಿ ಬ್ಯಾಡ, ಅದು ನನಗ ಬೇಕು."

"ಒಮ್ಮೆ ಇಟ್ಟ ಮ್ಯಾಲ ನಾಳೆ ಬನ್ನಿ ಮುಡಿಯೂತನಕ ಯಾರೂ ಅಲುಗಾಡಿಸಬಾರದು ಮತ್ತ."

ಹೀಗೆ ಆ ಕೀಬೋರ್ಡು ಮಣೆ ಏರಿತು. ಮೈಕು, ಹೆಡ್‌ಫೋನು, ತಬಲಾ ಶ್ರುತಿ ಮಾಡುವ ಹಿತ್ತಾಳೆ ಸುತ್ತಿಗೆ, ಎಲ್ಲ ಅದರ ಸುತ್ತ, ಅದರ ಮೇಲೆ. ಕುಂಕುಮ, ಚೆಂಡುಹೂವು, ಕಾಯಿ. ನನಗೆ ಒಂದು ಎಸಳೂ ಇಲ್ಲ. ಹೊಟ್ಟೆ ಉರಿಯಿತು.

ವಿಮಲಕ್ಕ ಬಂದು ಪಕ್ಕದಲ್ಲಿ ಕುಳಿತಳು. ಫಕ್ಕೀರಪ್ಪ ಹಾಡಿನ ಕಡೆಗೆ ಸರಿಯಲೆಂದು ನನ್ನ ಚಕ್ರ ತಿರುಗಿಸಿದ. ಗೆರೆ ಸರಿಯಲಿಲ್ಲ. ಧಗ್ಗನೆ ಹಿಗ್ಗಿ ಒಂದೇ ಒಂದು ಗುಡ್ಡ ಪರದೆ ತುಂಬ ನಿಂತಿತು. ಹಿಂದಕ್ಕೆ ತಿರುಗಿಸಿದ. ಇಡೀ ನಾಟಕ ಕುಗ್ಗಿ ಇರುವೆ ಸಾಲಾಯಿತು. ಹಾಡು ಎಲ್ಲಿದೆ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

"ಈ ಇಲಿಗೆ ಹುಚ್ಚು ಹಿಡದೈತಿ ನೋಡ್ರಿ ಅಕ್ಕಾರ," ಎಂದು ಫಕ್ಕೀರಪ್ಪ ನನ್ನನ್ನು ಮೇಜಿಗೆ ಕುಟ್ಟಿದ. ಆಮೇಲೆ ಮಗುಚಿ ಊದಿದ. ಹೊಟ್ಟೆ ಬಿಚ್ಚಿ ಧೂಳು ಒರೆಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಕೇಳಿದ್ದೆ, ಅವತ್ತು ಆ ಎಮ್ಮೆ ನಾನೇ ಆದೆ. ಸಾಫ್ಟ್‌ವೇರಿನ ಸೆಟ್ಟಿಂಗ್ ಒಂದೊಂದಾಗಿ ಬದಲಿಸಿದ, ತೆಗೆದು ಮತ್ತೆ ಹಾಕಿದ. ಗೆರೆಯ ಕುಣಿತ ನಿಲ್ಲಲಿಲ್ಲ. ಕೊನೆಗೆ ಪಕ್ಕದ ಅಂಗಡಿಯಿಂದ ಹೊಸ ಮೌಸು ಬಂತು, ಹಣೆಗೆ ಕುಂಕುಮ ಬೇರೆ. ನನ್ನ ಬಾಲ ಕಿತ್ತು ಅದರದ್ದನ್ನು ಸಿಕ್ಕಿಸಿದರು. ಅದು ನನಗಿಂತ ಜೋರಾಗಿ ಕುಣಿಸಿತು! ಅಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆದರೆ ವಿಮಲಕ್ಕನ ಮುಖ ಕಂಡು ಸಂತೋಷ ಇಳಿದುಹೋಯಿತು. ಬಿಸಿಲು ಕಿಟಕಿಯಿಂದ ಗೋಡೆಗೆ ಏರುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಪಾಪ, ಅಳುವುದಕ್ಕೂ ಅವಳಲ್ಲಿ ಸದ್ದಿರಲಿಲ್ಲ.

ಮತ್ತೆ ನನ್ನನ್ನೇ ಜೋಡಿಸಿದರು. ಫಕ್ಕೀರಪ್ಪ ಬೇಸರದಿಂದ ಚಕ್ರವನ್ನು ಸುಮ್ಮನೆ ತಿರುವುತ್ತಲೇ ಇದ್ದ. ಅಷ್ಟರಲ್ಲಿ ದೇವಕ್ಕ ದೀಪಕ್ಕೆ ಎಣ್ಣೆ ಹಾಕಲು ಬಂದಳು. ಒಂದು ಹನಿ ಕೀಬೋರ್ಡಿನ ಮೇಲೆ ಬಿತ್ತು. ತಪ್ಪಾಯಿತು ತಾಯಿ ಎಂದು, ಒರೆಸಲೆಂದು ಅವಳು ಸುತ್ತಿಗೆಯನ್ನು ತುಸು ಎತ್ತಿದಳು. ನನ್ನ ಚಕ್ರದ ಕೆಳಗೆ ಗೆರೆ ಮೆಲ್ಲಗೆ, ಹೇಳಿದ ಮಾತು ಕೇಳುವ ಕೂಸಿನಂತೆ ಸರಿಯಿತು. ಅವಳು ಸುತ್ತಿಗೆಯನ್ನು ಇದ್ದಲ್ಲೇ ಇಟ್ಟಳು. ಗೆರೆ ಧಗ್ಗನೆ ಹಿಗ್ಗಿತು.

ವಿಮಲಕ್ಕ ಚಪ್ಪಾಳೆ ಹೊಡೆದಳು. ಇಬ್ಬರೂ ಬೆಚ್ಚಿ ತಿರುಗಿದರು. ಅವಳು ಸುತ್ತಿಗೆ ತೋರಿಸಿದಳು, ಪರದೆ ತೋರಿಸಿದಳು. ಯಾರಿಗೂ ತಿಳಿಯಲಿಲ್ಲ. ನಟಿಯಲ್ಲವೇ, ಎದ್ದು ನಿಂತು ಆಡಿಯೇ ತೋರಿಸಿದಳು: ತಾನೇ ಸುತ್ತಿಗೆಯಾಗಿ ತಲೆ ಬಗ್ಗಿಸಿ ಒಂದು ಬೆರಳನ್ನು ಅದುಮಿದಳು, ಕೂಡಲೇ ಎರಡೂ ತೋಳು ಚಾಚಿ ಗೆರೆಯಾಗಿ ಹಿಗ್ಗಿದಳು.

ಫಕ್ಕೀರಪ್ಪ ಹಣೆ ಬಡಿದುಕೊಂಡ. "ಕಂಟ್ರೋಲ್ ಕೀ! ಆ ಸುತ್ತಿಗಿ ಮುಂಜಾನಿಂದ ಅದರ ಮ್ಯಾಲ ಕುಂತೈತಿ. ಕೀಬೋರ್ಡ್ ಪೂಜಾಕ ಕೂಡಸಿದೆ, ಅದರ ಸ್ವಿಚ್ ಆರಿಸೂದು ಮರತೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದರು. ಅವನು ಸುತ್ತಿಗೆಗೆ ಕೈ ಚಾಚಿ ತಡೆದು ಹೆಂಡತಿಯ ಮುಖ ನೋಡಿದ. ಬನ್ನಿ ಮುಡಿಯುವ ತನಕ ಅಲುಗಾಡಿಸಬಾರದಲ್ಲ. ದೇವಕ್ಕ ದೇವಿಯ ಪಟದ ಕಡೆ ಒಮ್ಮೆ ನೋಡಿದಳು, ವಿಮಲಕ್ಕನ ಕಡೆ ಒಮ್ಮೆ.

"ನಾಲಿಗಿ ಮ್ಯಾಲ ಬಂದು ಕೂಡು ತಾಯಿ ಅಂತ ಕೈ ಮುಗಿಯೂದು, ಇಲ್ಲಿ ಈಕಿ ನಾಲಿಗಿ ಕಟ್ಟಿ ಹಾಕೂದು. ಇದೆಂಥಾ ಪೂಜಾ?" ಎಂದು ತಾನೇ ಸುತ್ತಿಗೆ ಎತ್ತಿ ಪಕ್ಕಕ್ಕೆ ಇಟ್ಟು, ಗಲ್ಲ ಬಡಿದುಕೊಂಡಳು.

ಆಮೇಲೆ ನೋಡಬೇಕಿತ್ತು ನನ್ನ ಓಟ! ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಹಾಡು ಸಿಕ್ಕಿತು, ಸಿಳ್ಳೆ ಹೋಯಿತು, ಕೆಮ್ಮು ಹೋಯಿತು. ಹೊತ್ತು ಮುಳುಗುವಷ್ಟರಲ್ಲಿ ಫಕ್ಕೀರಪ್ಪ ಲ್ಯಾಪ್‌ಟಾಪನ್ನೂ ನನ್ನನ್ನೂ ಚೀಲಕ್ಕೆ ತುಂಬಿ ನಾಟಕದ ಟೆಂಟಿಗೆ ಓಡಿದ.

ರಂಗದ ಪರದೆಯ ಮಗ್ಗುಲಿಗೆ ಒಂದು ಸ್ಟೂಲಿನ ಮೇಲೆ ನಮ್ಮ ಜಾಗ. ವಿಮಲಕ್ಕ ರಂಗಕ್ಕೆ ಹೋದಳು. ಒಂದೊಂದು ಮಾತಿಗೂ ನನ್ನ ಗುಂಡಿಗೆ ಒಂದೊಂದು ಒತ್ತು, ಒಂದೂ ತಪ್ಪಲಿಲ್ಲ. ಬಾವಿಕಟ್ಟೆಯ ಹಾಡು ಶುರುವಾಯಿತು, ಮುಗಿಯಿತು. ಟೆಂಟು ಗಪ್‌ಚಿಪ್. ಜನಕ್ಕೆ ಮುದ್ರಿಸಿದ ಧ್ವನಿ ಎಂದು ತಿಳಿಯಿತು, ಮುಗಿಯಿತು ಕಥೆ ಎಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಒನ್ಸ್ ಮೋರ್!" ಇಡೀ ಟೆಂಟು ಅದನ್ನೇ ಕೂಗಿತು.

ಯಾರು ಎಣಿಸಿದ್ದರು ಇದನ್ನು? ವಿಮಲಕ್ಕ ಕೈ ಎತ್ತಿ ನಿಂತಿದ್ದಳು, ಕಣ್ಣು ನಮ್ಮ ಕಡೆ. ಫಕ್ಕೀರಪ್ಪ ನನ್ನ ಚಕ್ರ ತಿರುವಿದ. ನಾನು ಜೀವದ ಹಂಗು ತೊರೆದು ಹಿಂದಕ್ಕೆ ಉರುಳಿದೆ. ಹಾಡಿನ ಮುಂಚಿನ ಸಣ್ಣ ಮೌನ ಬಂತು, ಅಲ್ಲೇ ನಿಂತೆ. ಅವನು ಒತ್ತಿದ.

ಮೊದಲ ಸಾಲು ಅವಳದು. ಎರಡನೆಯ ಸಾಲಿಗೆ ಜನರೂ ಕೂಡಿದರು. ಎಷ್ಟು ವರ್ಷ ಕೇಳಿದ ಹಾಡೋ, ಎಲ್ಲರಿಗೂ ಬಾಯಿಪಾಠ. ವಿಮಲಕ್ಕ ತುಟಿ ಆಡಿಸುವುದನ್ನೇ ಬಿಟ್ಟು ಕೇಳುತ್ತ ನಿಂತಳು. ಫಕ್ಕೀರಪ್ಪ ನನ್ನನ್ನು ಹಿಡಿದು ಮುದ್ರಿತ ಧ್ವನಿಯನ್ನು ಮೆಲ್ಲಮೆಲ್ಲಗೆ ಇಳಿಸಿದ. ಕೊನೆಗೆ ಅದು ಪೂರ್ತಿ ನಿಂತದ್ದು ಟೆಂಟಿನಲ್ಲಿ ಯಾರಿಗೂ ತಿಳಿಯಲಿಲ್ಲ. ಹಾಡು ಮಾತ್ರ ನಡೆದೇ ಇತ್ತು.

ಈಗ ನನಗೆ ವಯಸ್ಸಾಗಿದೆ. ಚಕ್ರದ ರಬ್ಬರು ಸವೆದು ಜಾರುತ್ತದೆ, ಬಾಲ ಒಂದು ಕಡೆ ಹರಿದಿದೆ. ಸ್ಟುಡಿಯೊದ ಗೂಡಿನಲ್ಲಿ ಒರಗಿಕೊಂಡು ಹೊಸಬರ ಓಡಾಟ ನೋಡುತ್ತೇನೆ. ವಿಮಲಕ್ಕ ಇನ್ನೂ ಅದೇ ಪಾತ್ರ ಮಾಡುತ್ತಾಳೆ, ಮುದ್ರಿಸಿದ ಮಾತು ಹಾಕಲು ಫಕ್ಕೀರಪ್ಪನೇ ಹೋಗುತ್ತಾನೆ. ಬಾವಿಕಟ್ಟೆಯ ಹಾಡಿಗೆ ಮಾತ್ರ ಈಗ ಮುದ್ರಣ ಹಾಕುವುದಿಲ್ಲವಂತೆ. ಅವಳು ಕೈ ಎತ್ತಿದರೆ ಸಾಕು, ಯಾವ ಊರಿರಲಿ, ಜನರೇ ಹಾಡುತ್ತಾರಂತೆ. ಆ ಹಾಡಿನ ಮಟ್ಟಿಗೆ ನಮ್ಮ ಜಾತಿಗೇ ಕೆಲಸ ತಪ್ಪಿತು. ತಪ್ಪಲಿ ಬಿಡಿ.