ಹೇರೂರಿನ ಅಳತೆಯ ತೊಡದೇವು

ನನ್ನ ತಮ್ಮ ರಾಘುವಿನ ಹೆಂಡತಿ ಸೀತಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರ ಮಗಳು ಸಮೃದ್ಧಿ ಯಲ್ಲಾಪುರದ ನಮ್ಮ ಮನೆಯಲ್ಲಿದ್ದಳು. ಆರು ವರ್ಷದ ಕೂಸು. ರಾಘುವಿನ ಮನೆ ಕಾನಸೂರಿನಲ್ಲಿ ಕ್ರಿಯೆಗಳೆಲ್ಲ ಮುಗಿದರೂ ಅವಳೆದುರು ಯಾರೂ ಬಾಯಿ ಬಿಟ್ಟಿರಲಿಲ್ಲ. "ಈಗ್ಲೇ ಹೇಳಡ ಅಕ್ಕಾ, ಆನೇ ಬಂದು ಹೇಳ್ತೆ" ಎಂದು ತಾನೇ ಹೇಳುವ ಹೊಣೆ ಹೊತ್ತಿದ್ದ ರಾಘು ಈ ಕಡೆ ತಲೆ ಹಾಕಲೇ ಇಲ್ಲ. ಅವನ ದುಃಖ ದೊಡ್ಡದು, ಒಪ್ಪಿದೆ. ಆದರೆ "ಆಯಿ ಯಾವಾಗ ಬತ್ತು?" ಎಂದು ಕೂಸು ಅಮ್ಮನ ದಾರಿ ಕಾಯುತ್ತ ಕೇಳಿದಾಗಲೆಲ್ಲ ಸುಳ್ಳು ಹೊಸೆಯಬೇಕಾದವಳು ನಾನು.

ಕೊನೆಗೆ ಕೂಸು ಊಟ ಬಿಟ್ಟಿತು. ಆಯಿ ಮಾಡಿದಂಥ ತೊಡದೇವು ಕೊಟ್ಟರೆ ಮಾತ್ರ ತಿನ್ನುತ್ತೇನೆಂದು ಹಟ. ತೊಡದೇವು ನನಗೇನು ಹೊಸದಲ್ಲ. ರುಬ್ಬಿದ ಅಕ್ಕಿ ಹಿಟ್ಟಿಗೆ ಪಾಕದಂಥ ಜೋನಿಬೆಲ್ಲ ಕಲಸಿ, ಕವುಚಿಟ್ಟ ಬಿಸಿ ಮಡಕೆಯ ಮೇಲೆ ಬಳಿದು, ಕಾಗದದಂತೆ ಎಬ್ಬಿಸಿ ಕೊಟ್ಟೆ. ಒಂದು ತುಂಡು ಕಚ್ಚಿ, "ಇದಲ್ಲ" ಎಂದು ತಟ್ಟೆ ದೂಡಿದಳು.

ಸೀತೆಯ ತವರು ಹೇರೂರಿಗೆ ಫೋನು ಮಾಡಿದೆ. ಅವಳ ತಾಯಿ ವೆಂಕಮ್ಮತ್ತೆ ಅಳುತ್ತಲೇ ಹೇಳಿದರು: "ಅಕ್ಕಿ ಮೂರು, ಬೆಲ್ಲ ಎರಡು. ಸೀತೆನೂ ಹಂಗೇ ಮಾಡ್ತಿತ್ತು."

ನನ್ನದು ಎರಡು ಲೋಟ ಅಕ್ಕಿಗೆ ಒಂದು ಲೋಟ ಬೆಲ್ಲ. ಎರಡನ್ನೂ ಆರು ಅಕ್ಕಿಗೆ ಏರಿಸಿ ನೋಡಿದೆ. ನನ್ನದರಲ್ಲಿ ಬೆಲ್ಲ ಮೂರು, ಅವರದರಲ್ಲಿ ನಾಲ್ಕು. ಇಷ್ಟೇ ತಾನೇ ಎಂದು ಲೋಟದಲ್ಲಿ ಅಳೆದು ಸುರಿದೆ. ಹಿಟ್ಟು ಮಡಕೆಗೆ ಕಚ್ಚಿಕೊಂಡು ಸೀದುಹೋಯಿತು. ಕೂಸು ಮೂಸಿಯೂ ನೋಡಲಿಲ್ಲ.

ಮತ್ತೆ ಫೋನು. "ಜೋನಿಬೆಲ್ಲ ಯಾರಾದ್ರೂ ಲೋಟದಲ್ಲಿ ಅಳೀತ್ವನೆ? ತೂಗವು!" ಎಂದು ಬೈದರು.

ತೂಗಿದೆ. ಲೋಟದ ಅಕ್ಕಿ ಇನ್ನೂರು ಗ್ರಾಂ, ಅದೇ ಲೋಟದ ಬೆಲ್ಲ ಮುನ್ನೂರಿಪ್ಪತ್ತು! ನನ್ನ ಎರಡಕ್ಕೆ ಒಂದು ತೂಕದಲ್ಲಿ ಐದಕ್ಕೆ ನಾಲ್ಕು. ಅವರದು ಆರಕ್ಕೆ ನಾಲ್ಕು. ಅಂದರೆ ಮೊದಲಿಂದಲೂ ನನ್ನದೇ ಹೆಚ್ಚು ಸಿಹಿ, ನಾನು ಮತ್ತಷ್ಟು ಬೆಲ್ಲ ಸುರಿದಿದ್ದೆ. ಇಂಥ ದಡ್ಡಿ ನಾನು.

ಈ ಸಲ ತೂಕದಂತೆ ಮಾಡಿದೆ. ತೆಳ್ಳಗೆ, ಹರಿಯದೆ ಎದ್ದು ಬಂತು. ಗೆದ್ದೆನೆಂದು ಬೀಗುತ್ತ ಜಗುಲಿಗೆ ಒಯ್ದುಕೊಟ್ಟೆ. ಸಮೃದ್ಧಿ ಒಂದು ಚೂರು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಮುಖ ಅರಳಿತು.

"ಆಯಿ ಬೈಂದು!"

ಅಮ್ಮ ಬಂದೇಬಿಟ್ಟಳೆಂದು ತಟ್ಟೆ ಬಿಟ್ಟು ಅಡುಗೆಮನೆಗೆ ಓಡಿದಳು. ಅಲ್ಲಿಂದ ಕೋಣೆಗೆ, ಬಚ್ಚಲಿಗೆ, ಹಿತ್ತಿಲಿಗೆ. "ಆಯೀ, ಅಡಗಿ ಕೂರಡ!" ಎಂದು ನಗುತ್ತ ಕರೆಯುತ್ತಿದ್ದಳು. ಇನ್ನು ರಾಘುವಿಗಾಗಿ ಕಾಯುವ ಹಾಗಿರಲಿಲ್ಲ, ನಾನೇ ಹೇಳಬೇಕಿತ್ತು. ಹಿತ್ತಿಲಿಗೆ ಹೋಗಿ ಅವಳನ್ನು ಎತ್ತಿಕೊಂಡು ಬಂದು ತೊಡೆಯ ಮೇಲೆ ಕೂರಿಸಿಕೊಂಡೆ.

"ಆಯಿ ಎಲ್ಲಿದ್ದು ಅತ್ತೆ?" ಎಂದಳು. ಬಾಯಲ್ಲಿ ತೊಡದೇವು ಇನ್ನೂ ಇತ್ತು.