ಅತ್ತೆಯ ಸೋಪು ನೀರು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮದುವೆಯಾದ ಹೊಸದರಲ್ಲೇ ನಮ್ಮವರು ನನಗೆ ‘ಪಟಾಕಿ’ ಅಂತ ಹೆಸರಿಟ್ಟರು. ಗ್ಯಾಸ್ ಒಲೆ ನಂಬಿಕೊಂಡು ಬದುಕುವ ಮನೆಗೆ ಪಟಾಕಿ ಅನ್ನೋ ಸೊಸೆ! ಇರಲಿ ಬಿಡಿ. ಆದರೆ ನನ್ನ ಕೋಪ ಸುಮ್ಮಸುಮ್ಮನೆ ಬರುವುದಲ್ಲ. ಬೆವರು ಸುರಿಸಿ ಒಲೆ ತೊಳೆದು, ಒರೆಸಿ, ಜೋಡಿಸಿ ನಿಲ್ಲಿಸಿದ ಮೇಲೆ ಅತ್ತೆ ಒಂದು ಬಟ್ಟಲು ಸೋಪು ನೀರು, ಒಂದು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಬಂದು ಅದರ ಮೇಲೆಲ್ಲ ನೊರೆ ಬಳಿದರೆ ನಿಮಗೆ ಹೇಗಾಗುತ್ತೆ? ನೀವೇ ಹೇಳಿ.

ನಮ್ಮದು ಊಟದ ಅಂಗಡಿ. ಅಕ್ಕಪಕ್ಕ ಎಲ್ಲ ವರ್ಕ್‌ಶಾಪುಗಳು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಜನ ನುಗ್ಗುತ್ತಾರೆ. ಗಂಡ ತೀರಿಕೊಂಡ ಮೇಲೆ ಅತ್ತೆ ಒಂದೇ ಒಂದು ಒಲೆ ಇಟ್ಟುಕೊಂಡು ಶುರು ಮಾಡಿದ ಅಂಗಡಿ ಇದು. ಈಗ ಆರು ಬರ್ನರಿನ ದೊಡ್ಡ ಸ್ಟೀಲ್ ಒಲೆ ಇದೆ. ಮೇಲೆ ದಪ್ಪ ಕಬ್ಬಿಣದ ಜಾಲಿ, ಕೆಳಗೆ ಚೆಲ್ಲಿದ್ದು ಬೀಳೋಕೆ ತಟ್ಟೆ, ಮುಂದೆ ಸಾಲಾಗಿ ನಾಬ್‌ಗಳು. ಹಿಂದಿನ ಪೈಪು ಗೋಡೆ ತೂರಿ ಹೊರಗಿನ ಸಿಲಿಂಡರಿಗೆ ಹೋಗುತ್ತದೆ. ಮುಂದಿನ ದೊಡ್ಡ ಬರ್ನರ್ ಅತ್ತೆಯದು. ಹೆಚ್ಚುವುದು, ಬಡಿಸುವುದು, ಒಲೆ ತೊಳೆಯುವುದು ನನ್ನದು. ಗಲ್ಲಾಪೆಟ್ಟಿಗೆ ಮುಂದೆ ರಾಜನ ಹಾಗೆ ಕೂರುವುದು ನಮ್ಮವರದು.

ಒಲೆ ತೊಳೆಯುವುದನ್ನು ನನಗೆ ಕಲಿಸಿದ್ದೂ ಅತ್ತೆಯೇ. “ಬೆಚ್ಚಗಿದ್ದಾಗ ಒರೆಸಿದರೆ ಬಟ್ಟೆ ಸಾಕು, ತಣ್ಣಗಾಗೋಕೆ ಬಿಟ್ಟರೆ ಉಳಿ ಬೇಕು” ಅನ್ನುತ್ತಿದ್ದರು. ದಿನಾ ಊಟ ಮುಗಿದ ಮೇಲೆ ಒರೆಸುವುದು. ವಾರದ ರಜೆಯಲ್ಲಿ ಮಾತ್ರ ಪೂರ್ತಿ ಬಿಚ್ಚುವುದು. ಬರ್ನರುಗಳನ್ನು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ, ಒಂದೊಂದು ತೂತಿಗೂ ಸೂಜಿ ಹಾಕಿ ಕಸ ತೆಗೆದು, ಚೆನ್ನಾಗಿ ಒಣಗಿಸಿಯೇ ಕೂರಿಸಬೇಕು. ಒದ್ದೆ ಬರ್ನರ್ ಕೂರಿಸಿದರೆ ಉರಿ ಹಳದಿಯಾಗಿ ಪಟಪಟ ಅನ್ನುತ್ತದೆ. “ಉರಿ ನೀಲಿ ಇದ್ದರೆ ಪಾತ್ರೆ ನಿನ್ನ ಮಾತು ಕೇಳುತ್ತೆ. ಹಳದಿ ಆಯ್ತೋ, ಸಂಜೆವರೆಗೂ ಮಸಿ ತಿಕ್ಕುತ್ತಾ ಕೂತಿರು.” ಇದೂ ಅತ್ತೆಯ ಮಾತೇ.

ಆ ಸೋಪಿನ ಹುಚ್ಚು ಶುರುವಾಗಿದ್ದು ಹೋದ ವರ್ಷ ಅವರಿಗೆ ಜೋರು ಜ್ವರ ಬಂದು ಹೋದ ಮೇಲೆ. ಪೈಪಿನ ಜೋಡಣೆಗೆ ಸೋಪು ನೊರೆ ಹಚ್ಚಿದಾಗ ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಅಂತ ಅರ್ಥ. ರಿಪೇರಿಯವನು ಪೈಪು ಬದಲಿಸಿದಾಗ ಒಂದು ಸಲ ಹಾಗೆ ನೋಡುತ್ತಾನೆ, ಸರಿ. ದಿನಾ ಬೆಳಿಗ್ಗೆ ಯಾರಾದರೂ ನೋಡುತ್ತಾರಾ? ಮೊದಲೆಲ್ಲ ಅತ್ತೆ ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದು “ಹೂಂ, ಸರಿಯಾಗಿದೆ” ಅಂದರೆ ಮುಗಿಯಿತು. ಏನು ಮೂಗು ಅದು! ಗಲ್ಲಾದ ಹತ್ತಿರ ನಿಂತೇ “ಲೇ, ಬೇಳೆ ತಳ ಹಿಡೀತಿದೆ” ಅನ್ನುತ್ತಿದ್ದರು. ಅಂಥವರು ಈಗ ನಾನು ಬಿಚ್ಚಿ ತೊಳೆದು ಬಿಗಿಮಾಡಿದ ಒಲೆಯನ್ನೇ ನಂಬದೆ ಬ್ರಷ್ ಹಿಡಿದರೆ, ಅದು ನನಗೆ ಅವಮಾನ ಅಲ್ಲವಾ? ಇಷ್ಟು ಸಾಲದು ಅಂತ ದಿನಕ್ಕೆ ಎರಡು ಸಲ ಸ್ನಾನ, ಮೈಗೆ ತಿಕ್ಕಿದ್ದೇ ತಿಕ್ಕಿದ್ದು. “ನಿಮ್ಮಮ್ಮನ್ನ ಸೋಪಿನ ಫ್ಯಾಕ್ಟರಿಗೇ ಸೊಸೆ ಮಾಡಿ ಕಳಿಸಬೇಕಿತ್ತು” ಅಂತ ನಾನು ನಮ್ಮವರ ಹತ್ತಿರ ಗೊಣಗುತ್ತಿದ್ದೆ.

ಅಡುಗೆಯೂ ಒಂದೊಂದು ದಿನ ಹದ ತಪ್ಪುತ್ತಿತ್ತು. ಒಂದು ದಿನ ಬೇಳೆ ಸೀದ ವಾಸನೆ ಹೊಡೆಯುತ್ತಿದ್ದರೂ ಅತ್ತೆ ಹಾಗೇ ಬಡಿಸಲು ಕಳಿಸಿದರು. ಗಿರಾಕಿಗಳು ಮುಖ ಕಿವುಚಿದರು. ನಮ್ಮವರಿಗೆ ರೇಗಿಹೋಯಿತು.

“ಅಮ್ಮಾ, ವಯಸ್ಸಾಯ್ತು ನಿಂಗೆ. ಇನ್ನೊಂದು ಸಲ ಹೀಗಾದರೆ ಮನೇಲಿ ಕೂರಿಸ್ತೀನಿ, ನೋಡ್ತಿರು” ಅಂದರು.

ಅತ್ತೆ ಸೀದ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಪಾತ್ರೆ ತೊಳೆಯುವ ಜಾಗದಲ್ಲಿ, ನನಗೋ ಗೋಡೆಗೋ ಗೊತ್ತಿಲ್ಲ, “ಒಲೆ ಮುಂದೆ ನಿಲ್ಲಬೇಡ ಅಂದರೆ ನಾನು ಇನ್ನೆಲ್ಲಿ ನಿಲ್ಲಲಿ?” ಅಂದರು. ಸುಳ್ಳು ಯಾಕೆ ಹೇಳಲಿ, ಆ ಮುಂದಿನ ದೊಡ್ಡ ಬರ್ನರಿನ ಮೇಲೆ ನನಗೂ ಕಣ್ಣಿತ್ತು. ಆದರೂ ಆ ಮಾತು ಕೇಳಿದ ಮೇಲೆ ಅವತ್ತು ಆ ಬರ್ನರಿನ ಕಡೆ ನೋಡಲಿಲ್ಲ.

ಹೀಗಿರುವಾಗ ಒಂದು ರಜೆಯ ದಿನ ನನಗೆ ಹಲ್ಲುನೋವು. ದವಡೆ ಊದಿ ಕುಂಬಳಕಾಯಿ ಆಗಿತ್ತು. “ನೀನು ಮಲಗು, ಒಲೆ ನಾನು ನೋಡ್ಕೋತೀನಿ” ಅಂದರು ನಮ್ಮವರು. ಸೂರ್ಯ ಯಾವ ಕಡೆ ಹುಟ್ಟಿದ್ದನೋ! ಅಪರೂಪಕ್ಕೆ ಕೆಲಸ ಮಾಡುವವರಿಗೆ ಅಚ್ಚುಕಟ್ಟು ಜಾಸ್ತಿ. ಎಲ್ಲ ನಾಬ್‌ಗಳನ್ನೂ ಕಿತ್ತು, ತೊಳೆದು, ಫಳಫಳ ಹೊಳೆಸಿ ಮತ್ತೆ ಸಿಕ್ಕಿಸಿದ್ದಾರೆ. ನಾಬ್‌ನ ಬಿಳಿ ಗುರುತು ಮೇಲಿದ್ದರೆ ಒಲೆ ಬಂದ್ ಅಂತ ಲೆಕ್ಕ. ಆದರೆ ಹಳೇ ನಾಬ್‌ಗಳು, ಒಳಗಿನ ತೂತು ಸವೆದು ಹೇಗೆ ಬೇಕಾದರೂ ಕೂರುತ್ತಿದ್ದವು. ಮೂಲೆಯ ಬರ್ನರಿನ ನಾಬ್ ಕೀಳುವಾಗ ಒಳಗಿನ ಕಡ್ಡಿ ತಿರುಗಿ ಗ್ಯಾಸ್ ದಾರಿ ತೆರೆದುಕೊಂಡಿದ್ದು ಇವರಿಗೆ ಗೊತ್ತೇ ಇಲ್ಲ. ಗುರುತು ಮೇಲೆ ಮಾಡಿ ಒತ್ತಿಬಿಟ್ಟಿದ್ದಾರೆ. ನೋಡೋಕೆ ಬಂದ್, ಒಳಗೆ ತೆರೆದ ಬಾಗಿಲು. ಹೊರಗೆ ಸಿಲಿಂಡರ್ ಮುಚ್ಚಿತ್ತಲ್ಲ, ಅವತ್ತು ಏನೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ನಾನು ಹಿಂದೆ ಹೋಗಿ ಸಿಲಿಂಡರ್ ತೆರೆದೆ. ಅಲ್ಲೇ ತರಕಾರಿಯವಳು ಸಿಕ್ಕಳು. ಹಲ್ಲುನೋವಿನ ಪುರಾಣ ಬಿಚ್ಚಿದೆ. ಪುರಾಣ ಮುಗಿಸಿ ಅಡುಗೆಮನೆ ಬಾಗಿಲಿಗೆ ಬಂದರೆ, ಅಯ್ಯೋ ದೇವರೇ, ಗ್ಯಾಸ್ ವಾಸನೆ ಮುಖಕ್ಕೆ ರಾಚಿತು. ಅತ್ತೆ ಒಲೆ ಹಿಂದೆ ಬಗ್ಗಿ ಪೈಪಿಗೆಲ್ಲ ನೊರೆ ಹಚ್ಚಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಪೈಪಿನಲ್ಲಿ ಗುಳ್ಳೆ ಎಲ್ಲಿಂದ ಬರಬೇಕು? ಸೋರುತ್ತಿದ್ದದ್ದು ಬರ್ನರಿನ ಬಾಯಿಂದ. ಸಮಾಧಾನವಾಗಿ ಬಟ್ಟಲು ಕೆಳಗಿಟ್ಟರು. ಬೆಂಕಿಪೊಟ್ಟಣ ತೆಗೆದು ಕಡ್ಡಿ ಹಿಡಿದರು.

“ಅತ್ತೇ, ಬೇಡಾ!”

ನನ್ನ ಗಂಟಲು ಒಂದು ದಿನವಾದರೂ ಕೆಲಸಕ್ಕೆ ಬಂತು. ಅವರ ಕೈ ಅಲ್ಲೇ ನಿಂತಿತು. ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಓಡಿ ಸಿಲಿಂಡರ್ ಮುಚ್ಚಿದೆ. ಹಿಂದಿನ ಬಾಗಿಲನ್ನು ಹೊರಗಿನಿಂದಲೇ ತಳ್ಳಿ ತೆರೆದೆ, ಒಂದು ಸ್ವಿಚ್ಚನ್ನೂ ಮುಟ್ಟಲಿಲ್ಲ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಸಿದೆವು. ಹೆದರಿಕೆ ಇಳಿದ ಕೂಡಲೇ ಕೋಪ ಏರಿತು.

“ಇಷ್ಟು ವಾಸನೆ ಹೊಡೀತಿದೆ! ಮೂಗನ್ನ ಎಲ್ಲಿ ಇಟ್ಟಿದ್ರಿ ಅತ್ತೆ?”

ಅತ್ತೆ ನನ್ನ ಮುಖ ನೋಡಿದರು. “ತುಂಬಾ ಬರ್ತಿದೆಯಾ?” ಅಂದರು.

ಅವರು ಕೇಳಿದ ರೀತಿಗೇ ನನಗೆ ಎಲ್ಲ ಅರ್ಥವಾಯಿತು. ಸೀದ ಬೇಳೆ, ಬ್ರಷ್, ಆ ಬಟ್ಟಲು. ನನ್ನ ಕೆಲಸದ ಮೇಲೆ ಅಪನಂಬಿಕೆ ಇರಲಿಲ್ಲ ಅವರಿಗೆ, ಅವರ ಮೂಗಿನ ಮೇಲೆ ಇತ್ತು. ಮೂಗು ಮಾಡುತ್ತಿದ್ದ ಕೆಲಸವನ್ನು ಕಣ್ಣಿನ ಕೈಲಿ ಮಾಡಿಸುತ್ತಿದ್ದರು.

“ಆ ಜ್ವರ ಬಂದಾಗ ಹೋಗಿದ್ದು ವಾಪಸ್ ಬರಲೇ ಇಲ್ಲ ಕಣೆ. ಡಾಕ್ಟರು ಕಾಯಿರಿ ಅಂದರು. ಕಾದೆ. ಏನೂ ಇಲ್ಲ. ಅವನಿಗೆ ಹೇಳಬೇಡ. ನಿನ್ನ ದಮ್ಮಯ್ಯ. ಹೇಳಿದರೆ ಇವತ್ತೇ ನನ್ನ ಒಲೆಯಿಂದ ಎಬ್ಬಿಸ್ತಾನೆ.”

ನಮ್ಮತ್ತೆ ಯಾರಿಗೂ ದಮ್ಮಯ್ಯ ಅಂದವರಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಬಂದಿದ್ದಕ್ಕೆ ಇನ್ನೂ ಕೋಪ ಬಂತು.

“ಹೇಳಲ್ಲ. ಆದರೆ ಇವತ್ತಿಂದ ಬೆಂಕಿಪೊಟ್ಟಣ ನನ್ನ ಹತ್ತಿರ. ನಾನು ಒಳಗೆ ಹೋಗಿ ನೋಡಿ, ಒಲೆ ಹಚ್ಚಿ ಕರೆದ ಮೇಲೆ ನೀವು ಬರಬೇಕು. ಮಧ್ಯ ಆರಿದರೂ ನಾನೇ ಹಚ್ಚಬೇಕು. ಒಪ್ಪಿಗೆ ಇದ್ದರೆ ಇದೆ, ಇಲ್ಲದಿದ್ದರೆ ಈಗಲೇ ಹೋಗಿ ಹೇಳ್ತೀನಿ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಬೆಂಕಿಪೊಟ್ಟಣ ನನ್ನ ಅಂಗೈಯಲ್ಲಿಟ್ಟರು.

ನಮ್ಮವರು ಬಂದಾಗ ನಾಬ್ ವಿಷಯ ಎತ್ತಿ ಮಂಗಳಾರತಿ ಮಾಡಿದೆ. “ವಾಸನೆ ಹಿಡಿದು ಉಳಿಸಿದ್ದು ನಿಮ್ಮಮ್ಮ!” ಅಂತ ಒಂದು ಸುಳ್ಳನ್ನೂ ಸೇರಿಸಿದೆ. ಅವರು ಬೆಪ್ಪಾಗಿ, ಅವತ್ತೇ ಹೊಸ ನಾಬ್‌ಗಳನ್ನು ತಂದು ಹಾಕಿಸಿದರು.

ಆಮೇಲಿನ ಕಥೆ ಕೇಳಿ. ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಸೊಸೆಯನ್ನು ಜನ ಸುಮ್ಮನೆ ಬಿಡುತ್ತಾರಾ? ಉರಿ ಆರಿದಾಗೆಲ್ಲ ಅತ್ತೆ ಸೌಟು ಹಿಡಿದು ನನ್ನ ದಾರಿ ಕಾಯುವುದನ್ನು ಎಲ್ಲರೂ ನೋಡಿದರು. ಆಡುವವರ ಬಾಯಿಗೆ ಬೀಗ ಉಂಟಾ? ಮುದುಕಿ ಕಟ್ಟಿದ ಅಂಗಡಿ, ಈಗ ಒಂದು ಕಡ್ಡಿ ಗೀರೋಕೂ ಸೊಸೆಯ ಅಪ್ಪಣೆ ಬೇಕಂತೆ ಅಂದರು. ತರಕಾರಿಯವಳು ಅದಕ್ಕೆ ಒಗ್ಗರಣೆ ಹಾಕಿ ಬೀದಿಗೆಲ್ಲ ಬಡಿಸಿದಳು. ನಮ್ಮವರೂ ನನ್ನ ಹತ್ತಿರ ಮಾತು ಕಡಿಮೆ ಮಾಡಿದರು. ಕೊಟ್ಟ ಮಾತು, ನುಂಗಿಕೊಂಡೆ. ನಾನು ನುಂಗಿಕೊಂಡಿದ್ದು ಅದೇ ಮೊದಲು.

ಮಾತು ನನ್ನ ನಾದಿನಿಯವರೆಗೂ ಹೋಯಿತು. ಒಂದು ರಜೆಯ ದಿನ, ಒಲೆಯನ್ನೆಲ್ಲ ಬಿಚ್ಚಿ ಹರಡಿಕೊಂಡು ನಾನು ಬರ್ನರಿಗೆ ಸೂಜಿ ಹಾಕುತ್ತಾ ಕೂತಿದ್ದೆ. ಅತ್ತೆ ಜಾಲಿ ಉಜ್ಜುತ್ತಿದ್ದರು. ನಮ್ಮವರು ಕೆಳಗಿನ ತಟ್ಟೆ ಕೆರೆಯುತ್ತಿದ್ದರು, ನಾಬ್ ಮುಟ್ಟುವ ಹಕ್ಕು ಅವರಿಗೆ ಹೋಗಿತ್ತು. ನಾದಿನಿ ಚಪ್ಪಲಿ ಕೂಡ ಬಿಡದೆ ನುಗ್ಗಿದಳು.

“ಏನು ಅತ್ತಿಗೆ ಇದು? ಅಮ್ಮನ ಕೈಯಿಂದ ಬೆಂಕಿಪೊಟ್ಟಣ ಕೂಡ ಕಿತ್ತುಕೊಂಡಿದ್ದೀಯಂತೆ? ಈ ಒಲೆಗೆ ನನ್ನಮ್ಮ ಜೀವ ತೇಯ್ದಿದ್ದಾಳೆ! ಅಣ್ಣಾ, ನೀನು ಬಾಯಿಗೆ ಕಡುಬು ಹಾಕ್ಕೊಂಡಿದ್ದೀಯಾ?”

ನಾನು ಸೂಜಿ ಕೆಳಗಿಟ್ಟೆ. ನಿಜ ವಿಷಯ ಬಾಯಿಯವರೆಗೂ ಬಂತು. ಅತ್ತೆಯ ಕಡೆ ನೋಡಿದೆ. ಅವರ ಕೈಯಲ್ಲಿ ಉಜ್ಜುವ ನಾರು ನಿಂತುಹೋಗಿತ್ತು. ಮತ್ತೆ ಸೂಜಿ ಎತ್ತಿಕೊಂಡೆ. ತಲೆ ಬಗ್ಗಿಸಿದೆ.

“ನೋಡು, ಉತ್ತರ ಇಲ್ಲ!” ಅಂದಳು ನಾದಿನಿ.

“ಸಾಕು ಮಾಡೇ” ಅಂದರು ಅತ್ತೆ. ಸ್ವರ ಸಣ್ಣಗಿತ್ತು. “ನನಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ. ಅವತ್ತು ಗ್ಯಾಸ್ ತುಂಬಿದ ಕೋಣೇಲಿ ಕಡ್ಡಿ ಗೀರೋಕೆ ಹೋಗಿದ್ದೆ. ಹಿಡಿದು ಎಳೆದಿದ್ದು ಇವಳು. ನಿಮ್ಮೆಲ್ಲರ ಬೈಗುಳ ಇವಳು ತಿಂದಿದ್ದು ನನ್ನ ಮಾನ ಉಳಿಸೋಕೆ. ಇವಳು ಬೈಸಿಕೊಳ್ಳೋದನ್ನ ಇನ್ನು ನನ್ನ ಕೈಲಿ ನೋಡೋಕಾಗಲ್ಲ. ಒಲೆ ಹೋದರೆ ಹೋಗಲಿ.”

ನಾದಿನಿ ಚಪ್ಪಲಿ ಬಿಟ್ಟು ಅಮ್ಮನ ಪಕ್ಕ ಕೂತಳು. ನಮ್ಮವರು ತಟ್ಟೆ ಕೆಳಗಿಟ್ಟರು.

“ಹಾಗಾದರೆ ಅಮ್ಮಾ, ನಾಳೆಯಿಂದ ನೀನು ಒಲೆ ಹತ್ತಿರ ಬರಬೇಡ” ಅಂದರು.

ಆಗ ಹತ್ತಿತು ನೋಡಿ ಪಟಾಕಿ.

“ಯಾರು ಬರಬಾರದು? ರೀ, ಗ್ಯಾಸ್ ಸೋರಿದ್ದು ಅವರ ಮೂಗಿನಿಂದಲಾ, ನೀವು ಸಿಕ್ಕಿಸಿದ ನಾಬ್‌ನಿಂದಲಾ? ಒಲೆ ಹತ್ತಿರ ಬರಬಾರದವರು ಯಾರು ಅಂತ ನ್ಯಾಯ ಮಾಡಿದರೆ ಮೊದಲು ಹೊರಗೆ ಹೋಗೋದು ನೀವು! ಇಷ್ಟು ದಿನದಿಂದ ನಾನು ಹಚ್ಚಿಕೊಡ್ತಿದ್ದೀನಿ, ಅವರು ಮಾಡ್ತಿದ್ದಾರೆ. ಒಂದು ದಿನ ಒಂದು ಅಗುಳು ಸೀದಿದೆಯಾ? ಅವರಿಗೆ ಮೂಗಿಲ್ಲ, ನನಗೆ ಅವರ ಕೈ ಇಲ್ಲ. ಇಬ್ಬರೂ ಸೇರಿದರೆ ಒಬ್ಬ ಒಳ್ಳೇ ಅಡುಗೆಯವಳು ಆಗ್ತೀವಿ. ನಿಮಗೇನು ಕಷ್ಟ?”

ನಮ್ಮವರು ಮತ್ತೆ ತಟ್ಟೆ ಎತ್ತಿಕೊಂಡು ಕೆರೆಯತೊಡಗಿದರು. ಸಂಜೆ ಹೋಗಿ, ಗ್ಯಾಸ್ ಸೋರಿದರೆ ಕೂಗುವ ಒಂದು ಪೆಟ್ಟಿಗೆ ತಂದು ನೆಲದ ಹತ್ತಿರ ಗೋಡೆಗೆ ಹಾಕಿಸಿದರು. ಅದು ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡಿದಾಗ ಬೀದಿಗೇ ಕೇಳುವ ಹಾಗೆ ಕಿರುಚಿತು. ಅತ್ತೆ ಕಿವಿ ಮುಚ್ಚಿಕೊಂಡು, “ಒಬ್ಬಳು ಪಟಾಕಿ ಸಾಲದು ಅಂತ ಇನ್ನೊಬ್ಬಳನ್ನ ತಂದೆಯೇನೋ?” ಅಂದರು. ಎಲ್ಲರೂ ನಕ್ಕೆವು.

ಮರುದಿನ ಬೆಳಿಗ್ಗೆ ನಾನು ಒಳಗೆ ಹೋಗಿ ಉಸಿರೆಳೆದು ನೋಡಿ, ದೊಡ್ಡ ಬರ್ನರ್ ಹಚ್ಚಿ, “ಬನ್ನಿ ಅತ್ತೆ” ಅಂತ ಕರೆದೆ. ಉರಿ ನೀಲಿಯಾಗಿ ಸುತ್ತಲೂ ಸಮ ನಿಂತಿತ್ತು. ಅತ್ತೆ ಎಣ್ಣೆ ಬಿಟ್ಟು ಈರುಳ್ಳಿ ಹಾಕಿದರು. ಸ್ವಲ್ಪ ಹೊತ್ತು ಕೈಯಾಡಿಸಿದವರು, “ಹೇಗೆ ಬರ್ತಿದೆ, ಹೇಳು” ಅಂದರು.

“ಈರುಳ್ಳಿ ವಾಸನೆ. ಇನ್ನೇನು ಬರುತ್ತೆ?”

“ಹಾಗಲ್ಲ. ಸರಿಯಾಗಿ ಹೇಳೇ.”

ನಾನು ಬಾಣಲೆಯ ಮೇಲೆ ಬಗ್ಗಿದೆ. “ಹಸಿ ಘಾಟು ಇದೆ ಇನ್ನೂ. ಇರಿ. ಈಗ ಘಾಟು ಹೋಯ್ತು. ಈಗ… ಸಿಹಿ ಬರ್ತಿದೆ ಅತ್ತೆ.”

“ಸಿಹಿ ಬಂತಾ” ಅಂದರು ಅತ್ತೆ. ಕಣ್ಣು ಮುಚ್ಚಿದರು. ಉರಿ ಸಣ್ಣದು ಮಾಡಿದರು, ಸೌಟು ಕೆಳಗಿಟ್ಟರು. ಆಮೇಲೆ, ಗಲ್ಲಾದಲ್ಲಿ ಕೂತ ಮಗನಿಗೆ ಕೇಳಿಸದ ಹಾಗೆ ನನ್ನ ಹತ್ತಿರ ಸರಿದರು.

“ಇನ್ನೊಂದು ಕೇಳ್ತೀನಿ, ನಿಜ ಹೇಳಬೇಕು. ನನ್ನ ಮೈ… ವಾಸನೆ ಬರುತ್ತಾ? ಮುದುಕಿ, ಇಡೀ ದಿನ ಬೆವರು. ನನಗೆ ಗೊತ್ತಾಗಲ್ಲ. ಜನಕ್ಕೆ ಅಡುಗೆ ಮಾಡಿ ಹಾಕೋಳು. ಯಾರನ್ನ ಅಂತ ಕೇಳಲಿ?”

ಎರಡೆರಡು ಸಲ ಸ್ನಾನ, ಮುಗಿಯುತ್ತಲೇ ಇದ್ದ ಸೋಪು. ನಾನು ಏನೆಲ್ಲ ಗೊಣಗಿದ್ದೆ! ಹತ್ತಿರ ಹೋಗಿ ಅವರ ಭುಜಕ್ಕೆ ಮುಖ ಇಟ್ಟೆ. ಇಷ್ಟು ವರ್ಷ ಒಂದೇ ಒಲೆ ಸುತ್ತ ತಿರುಗಿದ್ದೀವಿ, ಒಂದು ದಿನವೂ ಅಷ್ಟು ಹತ್ತಿರ ನಿಂತಿರಲಿಲ್ಲ. ಗಟ್ಟಿಯಾಗಿ ಉಸಿರೆಳೆದೆ.

“ಸೋಪು ಅತ್ತೆ. ಬರೀ ಸೋಪು.”

ಅವರ ಭುಜ ನಡುಗಿತು. ನಗುತ್ತಿದ್ದರೋ ಅಳುತ್ತಿದ್ದರೋ, ನಾನು ಮುಖ ಎತ್ತಿ ನೋಡಲಿಲ್ಲ. “ಬಿಡೇ, ಈರುಳ್ಳಿ ಸೀಯುತ್ತೆ” ಅಂದರು.

“ಸೀದರೆ ನಾನು ಹೇಳ್ತೀನಿ, ಇರಿ” ಅಂದೆ.